ಮೋರ್ಯರ ಮನೆಯ ಗಡಿಗೆ

ಇಟಲಿಯಲ್ಲಿ ಎಂದೋ ಮರೆತುಹೋದ ಜನರ ಗೋರಿಯಿಂದ ಅಗೆದು ತೆಗೆದ ಕಪ್ಪು ಗಡಿಗೆಯ ಚಿತ್ರವನ್ನು ಪುಸ್ತಕದಲ್ಲಿ ನೋಡಿದಾಗಲೆಲ್ಲ, ಗಂಗಾವತಿ ಸಮೀಪದ ಗುಡ್ಡದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಊರವರು ಮೋರ್ಯರ ಮನೆಗಳೆಂದು ಕರೆಯುವ ಕಲ್ಲುಗೋರಿಗಳನ್ನು ಅಲ್ಲಿ ನಿಜಾಮ ಸರ್ಕಾರದ ಆಳುಗಳು ಅಗೆಯುತ್ತಿದ್ದರು. ನೋಡಲು ಅಜ್ಜಿ ನನ್ನನ್ನೂ ಕರೆದೊಯ್ದಿದ್ದಳು.

“ಬಂಗಾರ ಸಿಕ್ತೇನೋ?” ಎಂದು ಆಕೆ ಒಬ್ಬನನ್ನು ಕೆಣಕಿದಳು.

“ಗಡಿಗಿ ಸಿಕ್ತು ನೋಡಬೇ. ಬೇಕಾದ್ರ ಸಾರು ಮಾಡು,” ಎಂದು ಅವನು ನಕ್ಕ.

ಗಡಿಗೆ ನುಣ್ಣಗೆ, ತಣ್ಣಗಿತ್ತು. ಅಜ್ಜಿ ಅದನ್ನು ಸವರಿದಳು. “ಸತ್ತವರಿಗೆ ಹಸಿವಾಗಬಾರದಂತ ಇಟ್ಟು ಕಳಿಸ್ಯಾರ, ಪಾಪ.”

“ಅಜ್ಜಿ, ನಮ್ಮವ್ವನ್ನ ಮಣ್ಣು ಮಾಡುವಾಗ ಏನಿಟ್ರಿ?” ಎಂದೆ. ಅವ್ವನ ಮುಖ ನನಗೆ ನೆನಪಿರಲಿಲ್ಲ. ಮನೆಯಲ್ಲಿ ಯಾರೂ ಆಕೆಯ ಮಾತೆತ್ತುತ್ತಿರಲಿಲ್ಲ.

ಅಜ್ಜಿ ಗಡಿಗೆಯ ಮೇಲಿಂದ ಕೈ ತೆಗೆದಳು.

“ನಿನ್ನ ಕುಲಾಯಿ, ಕೂಸಿದ್ದಾಗ ತಲಿಗೆ ಹಾಕ್ತಿದ್ದದ್ದು,” ಎಂದಳು. “ಕೈಯಾಗ ಹಿಡಕೊಂಡಿದ್ಲು. ಬಿಡಿಸಾಕ ಮನಸ್ಸಾಗ್ಲಿಲ್ಲ.”

ನನ್ನ ಕೈ ತಾನಾಗಿಯೇ ತಲೆಯ ಮೇಲೆ ಹೋಯಿತು.