ಅಂಜಪ್ಪನ ಖಾನೆ

ರೈತ ಮೈಲಾರಿಯ ದಾಖಲೆಯಲ್ಲಿ ಕುರಿಗಳ ವಿವರವಿತ್ತು, ಅಮೃತಬಾಯಿಯದರಲ್ಲಿ ಬಾವಿಯ ಪಾಲು. ಯಾಮಿನಿ ಮೌಸ್ ಒತ್ತಿ ತನ್ನ ಅಪ್ಪ ಅಂಜಪ್ಪನ ದಾಖಲೆ ತೆರೆದಳು. ಹೆಸರು, ಊರು, ಹೊಲ. ಅದರ ಕೆಳಗೆ, ‘ಚಹಾ: ಪೇಪರ್ ಕಪ್’.

ನಾರಾಯಣಖೇಡದ ಈ ತೊಗರಿ ಖರೀದಿ ಆಫೀಸಿಗೆ ಸಾಫ್ಟ್‌ವೇರ್ ಮಾಡಿಕೊಟ್ಟವಳು ಅವಳೇ. ಇಲ್ಲಿಗೆ ಬಂದದ್ದು ಇವತ್ತೇ ಮೊದಲು. ಅದನ್ನು ಕಟ್ಟಲು ಬಳಸಿದ ಸಿದ್ಧ ಚೌಕಟ್ಟಿಗೆ, ಅಂದರೆ ವೆಬ್ ಫ್ರೇಮ್‌ವರ್ಕ್‌ಗೆ, ಎಲ್ಲರನ್ನೂ ಒಂದೇ ಬಗೆಯ ಖಾನೆಗಳಿರುವ ಟೇಬಲ್ಲಿಗೆ ತುಂಬುವುದಷ್ಟೇ ಗೊತ್ತಿತ್ತು. ಒಬ್ಬೊಬ್ಬರ ದಾಖಲೆ ಒಂದೊಂದು ಬಗೆ ಇರಬಲ್ಲ ಡೇಟಾಬೇಸನ್ನು ಅದಕ್ಕೆ ಒಗ್ಗಿಸಲು ಜಹೀರಾಬಾದಿನಲ್ಲಿ ಕೂತು ಆರು ತಿಂಗಳು ಜೀವ ತೇದಿದ್ದಳು.

“ಭಾಳ ಛಲೋ ಮಾಡೀರಿ ಮೇಡಂ,” ಎಂದ ಗುಮಾಸ್ತ ನರೇಶ, ಅವಳ ಕೈಗೆ ಚಹಾ ಕೊಡುತ್ತ. “ಮೊದ್ಲು ಒಬ್ಬರಿಗೆ ಒಂದು ಖಾನೆ ಬೇಕಂದ್ರ ಎಲ್ಲಾರಿಗೂ ಮಾಡಬೇಕಿತ್ತು. ಈಗ ಆ ಮಂದಿಗಷ್ಟೇ ಹಾಕಾಕ ಬರ್ತದ. ಚಹಾ ಕೊಡೋರು ಹೊಸಬರಿದ್ರೂ ಗೊತ್ತಾಗ್ತದ, ಯಾರಿಗೆ ಗ್ಲಾಸು ಕೊಡಬಾರ್ದು ಅಂತ.”

ಯಾಮಿನಿ ಒಂದು ಗುಟುಕು ಕುಡಿದಳು. “ಈ ಅಂಜಪ್ಪ ನಮ್ಮಪ್ಪ ರೀ,” ಎಂದಳು.

ನರೇಶ ಅವಳ ಮುಖ ನೋಡಲಿಲ್ಲ. ಅವಳ ಕೈಯಲ್ಲಿದ್ದ ಸ್ಟೀಲ್ ಗ್ಲಾಸನ್ನೇ ನೋಡುತ್ತ ನಿಂತ.