ಕರೆಂಟಿಲ್ಲದ ಹದಿನೈದು ಗಜ

ಬೆಳಗಿನ ಎಂಟೂ ಹತ್ತರ ವಿದ್ಯುತ್ ರೈಲು ಹೇಝಲ್‌ಬೋರ್ನ್ ಜಂಕ್ಷನ್ನಿನ ನಟ್ಟನಡುವೆ ಗಪ್ಪೆಂದು ನಿಂತುಬಿಟ್ಟಿತು. ಹಳಿಗಳು ಒಂದನ್ನೊಂದು ದಾಟುವ ಕಡೆ ಗಾಡಿಗೆ ಕರೆಂಟು ಕೊಡುವ ಪಕ್ಕದ ಕಂಬಿ ಸ್ವಲ್ಪ ದೂರ ಇರುವುದಿಲ್ಲ. ಓಡುವ ಗಾಡಿ ಆ ತೆರಪನ್ನು ವೇಗದಲ್ಲೇ ದಾಟಿಬಿಡುತ್ತದೆ. ಅಲ್ಲಿ ನಿಂತಿತೋ, ಮುಗಿಯಿತು, ಯಾರಾದರೂ ಬಂದು ತಳ್ಳಬೇಕು. ಹೊಸಬರಿಗೆ ಚಾಲಕ ಸಿರಿಲ್ ಟಪ್ಪೆನ್ ಮೊದಲ ದಿನವೇ ಹೇಳಿಕೊಡುತ್ತಿದ್ದ ಪಾಠ ಅದು. ಈಗ ಅಲ್ಲಿ ನಿಲ್ಲಿಸಿಕೊಂಡು ಕೂತವನು ಅವನೇ. ಎರಡು ಬೋಗಿಯ ತುಂಬ ಇದ್ದ ಕಚೇರಿಯ ಜನ ಪತ್ರಿಕೆ ಮಡಿಚಿ ಕಿಟಕಿಯಿಂದ ತಲೆ ಹೊರಗೆ ಹಾಕತೊಡಗಿದರು.

ಹೇಗಾಯಿತೆಂದು ಟಪ್ಪೆನ್‌ಗೆ ಚೆನ್ನಾಗಿ ಗೊತ್ತಿತ್ತು. ಕೆಂಪು ದೀಪಕ್ಕೆ ಗಾಡಿ ನಿಧಾನ ಮಾಡಿದ್ದ, ದೀಪ ಹಸಿರಾಯಿತು, ತೆರಪು ಬರುವ ಮುಂಚೆ ವೇಗ ಏರಿಸಬೇಕಿತ್ತು. ಆ ಹೊತ್ತಿಗೇ ಯಾರ್ಡಿನ ಉಗಿ ಎಂಜಿನ್ನಿನಿಂದ ಹೊರೇಸ್ ಪೆಲ್ಲಿಂಗ್ ಕೈ ಎತ್ತಿದ. ಎದುರು ಸಿಕ್ಕ ಚಾಲಕನಿಗೆ ಕೈ ಎತ್ತುವುದು ಈ ದಾರಿಯಲ್ಲಿ ಎಲ್ಲರ ರೂಢಿ. ಟಪ್ಪೆನ್ ಮಾತ್ರ ಪೆಲ್ಲಿಂಗ್‌ಗೆ ಹನ್ನೆರಡು ವರ್ಷದಿಂದ ಕೈ ಎತ್ತಿರಲಿಲ್ಲ, ಒಂದು ಮಾತೂ ಆಡಿರಲಿಲ್ಲ. ದೊಡ್ಡ ಮುಷ್ಕರದಲ್ಲಿ ಎಲ್ಲರೂ ಗೇಟಿನ ಹೊರಗೆ ನಿಂತಿದ್ದಾಗ ಪೆಲ್ಲಿಂಗ್ ತಲೆ ತಗ್ಗಿಸಿಕೊಂಡು ಕೆಲಸಕ್ಕೆ ಹೋಗಿದ್ದ. ಅಂಥವನನ್ನು ಇಲ್ಲಿ ಯಾರೂ ಹೊಡೆಯುವುದಿಲ್ಲ, ಬಯ್ಯುವುದಿಲ್ಲ. ಅವನು ಇಲ್ಲವೇ ಇಲ್ಲ ಎಂಬಂತೆ ಇದ್ದುಬಿಡುತ್ತಾರೆ. ಉಳಿದವರು ಎರಡು ಮೂರು ವರ್ಷಕ್ಕೆ ಮೆತ್ತಗಾದರು. ಟಪ್ಪೆನ್ ಬಿಡಲಿಲ್ಲ, ಆ ಹಟವನ್ನೇ ದೊಡ್ಡಸ್ತಿಕೆ ಎಂದುಕೊಂಡ. ಇವತ್ತೂ ಬೇಕೆಂತಲೇ ಮುಖ ಆಚೆ ತಿರುಗಿಸಿದ. ಮತ್ತೆ ಇತ್ತ ತಿರುಗಿ ವೇಗದ ಹಿಡಿ ಎಳೆದಾಗ ಕರೆಂಟೇ ಇರಲಿಲ್ಲ.

ಸಿಗ್ನಲ್ ಕಂಬದ ಫೋನಿನಲ್ಲಿ, ಸಿಗ್ನಲ್ ನಡೆಸುವ ಕ್ಯಾಬಿನ್ನಿನವನು ಹೇಳಿದ್ದು ಕೇಳಿ ಟಪ್ಪೆನ್ ಮುಖ ಸಪ್ಪಗಾಯಿತು. ತಳ್ಳಲು ಹತ್ತಿರದಲ್ಲಿದ್ದದ್ದು ಪೆಲ್ಲಿಂಗ್‌ನ ಎಂಜಿನ್ ಒಂದೇ. ತಳ್ಳುವವನೂ ತಳ್ಳಿಸಿಕೊಳ್ಳುವವನೂ ಎದುರುಬದುರು ನಿಂತು ಮಾತಾಡಿಕೊಂಡೇ ಮುಂದುವರಿಯಬೇಕೆಂಬುದು ನಿಯಮ. ಎಂಜಿನ್ ಹಿಂದಿನಿಂದ ಬಂದು ತಾಗಿತು. ಟಪ್ಪೆನ್ ಗಾರ್ಡ್ ಹಿಂಟನ್‌ನನ್ನು ಪಕ್ಕಕ್ಕೆ ಕರೆದು, ಬ್ರೇಕ್ ಬಿಟ್ಟಿದೆ, ಹದಿನೈದು ಗಜ ತಳ್ಳಿದರೆ ಸಾಕು ಎಂದು ತಿಳಿಸಿ ಬರಲು ಹೇಳಿದ.

"ನಿಮ್ಮಿಬ್ಬರ ಮಧ್ಯೆ ಇಷ್ಟು ವರ್ಷ ಟಪಾಲು ಹೊತ್ತಿದ್ದೀನಿ ಕಣಯ್ಯ," ಎಂದ ಹಿಂಟನ್. "ಇದೊಂದನ್ನ ನೀನೇ ಹೊತ್ಕೊಂಡು ಹೋಗು. ಜನ ಕಾಯ್ತಿದಾರೆ."

ಜಲ್ಲಿಯ ಮೇಲೆ ನಡೆಯುವಾಗ ಟಪ್ಪೆನ್‌ಗೆ ನೆನಪಾದದ್ದು ಮುಷ್ಕರವಲ್ಲ, ಹೋದ ವಾರ ತಾನು ಮಾಡಿದ ಇನ್ನೊಂದು ಕೆಲಸ. ಬರುವ ತಿಂಗಳಿಗೆ ಉಗಿ ಎಂಜಿನ್ನುಗಳ ಕಾಲ ಮುಗಿಯುತ್ತಿತ್ತು. ವಿದ್ಯುತ್ ಗಾಡಿ ಕಲಿಯಲು ಯಾರು ತಕ್ಕವರೆಂದು ಪಟ್ಟಿ ಬರೆದು ಕಳಿಸುವ ಅಧಿಕಾರ ಅವನದಾಗಿತ್ತು. ಪೆಲ್ಲಿಂಗ್‌ನ ಹೆಸರಿನ ಮುಂದೆ 'ಗಮನ ಸಾಲದು' ಎಂದು ಬರೆದಿದ್ದ. ಅದು ಸುಳ್ಳೆಂದು ಬರೆಯುವಾಗಲೇ ಗೊತ್ತಿತ್ತು. ಕಲಿಯದ ಚಾಲಕನಿಗೆ ಉಳಿಯುವುದು ನಿಲ್ದಾಣದ ಪೊರಕೆ. ಈಗ ಗಮನ ತಪ್ಪಿದ್ದು ತನ್ನದೇ ಎಂದು ಮೇಲಿನವರಿಗೆ ತಿಳಿದರೆ ಕಲಿಸುವ ಕೆಲಸ ತನ್ನ ಕೈತಪ್ಪುವುದು ಖಂಡಿತ.

ಪೆಲ್ಲಿಂಗ್ ಎಂಜಿನ್ನಿನಿಂದ ಇಳಿದು, ಬಟ್ಟೆಚೂರಿನಲ್ಲಿ ಕೈ ಒರೆಸಿಕೊಳ್ಳುತ್ತ ಕಾದಿದ್ದ. ಟಪ್ಪೆನ್ ಅವನ ಬೂಟು ನೋಡುತ್ತ ಹೇಳಬೇಕಾದ್ದನ್ನು ಹೇಳಿದ. ಹನ್ನೆರಡು ವರ್ಷದ ಮೇಲೆ ಆಡಿದ ಮೊದಲ ಮಾತು ತಳ್ಳು ಎಂಬುದಾಯಿತಲ್ಲ ಎಂದು ಅವನಿಗೆ ನೆಲ ಬಿರಿಯಬಾರದೇ ಅನ್ನಿಸಿತು. ಪೆಲ್ಲಿಂಗ್ ಅಣಕಿಸಲಿಲ್ಲ. ಎಷ್ಟು ಗಜ ಎಂದು ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಂಡು, ಎಂಜಿನ್ ಹತ್ತಿ, ಮೊಟ್ಟೆ ಬುಟ್ಟಿ ಸರಿಸುವಷ್ಟು ಮೆಲ್ಲಗೆ ಗಾಡಿಯನ್ನು ತಳ್ಳಿದ. ಬೋಗಿಗಳಲ್ಲಿ ದೀಪ ಹತ್ತಿತು. ಯಾರೋ ಕುಹಕಕ್ಕೆ ಚಪ್ಪಾಳೆ ತಟ್ಟಿದರು.

ಟಪ್ಪೆನ್ ಕಂಬದ ಬಳಿ ಬರುವಷ್ಟರಲ್ಲಿ ಪೆಲ್ಲಿಂಗ್ ಫೋನ್ ಹಿಡಿದಿದ್ದ. ತಳ್ಳಿದವನು ತಿಳಿಸಬೇಕಾದ್ದು ತಿಳಿಸುತ್ತಿದ್ದ. ಕಾರಣವೇನೆಂದು ಕ್ಯಾಬಿನ್ನಿನವನು ಕೇಳಿರಬೇಕು.

"ನಾನು ಕೈ ಎತ್ತಿ ಅವನ ಗಮನ ಈ ಕಡೆ ಎಳೆದೆ. ಮರ್ಯಾದಸ್ಥ, ಅವನೂ ತಿರುಗಿ ಕೈ ಎತ್ತಿದ. ಅಷ್ಟ್ರಲ್ಲಿ ನಿಂತೋಯ್ತು. ತಪ್ಪು ನಂದು ಅಂತ ಬರ್ಕೋ," ಎಂದು ಪೆಲ್ಲಿಂಗ್ ಫೋನ್ ಇಟ್ಟ.

ಯಾಕೆ ಹಾಗಂದೆ ಎಂದು ಟಪ್ಪೆನ್ ಕೇಳಿದ.

"ನೀನು ಬರೆದ ಪಟ್ಟಿ ನೋಡಿದೆ," ಎಂದ ಪೆಲ್ಲಿಂಗ್. "ಹೇಗೂ ಪೊರಕೆ ಹಿಡಿಯೋನು ನಾನು. ಇನ್ನೊಂದು ತಪ್ಪು ಸೇರಿದ್ರೆ ನಂಗೇನೂ ಆಗಲ್ಲ. ನಿಂಗಾಗತ್ತೆ."

ಅವನು ತನ್ನ ಎಂಜಿನ್ನಿನ ಕಡೆ ಹೊರಟ. ಟಪ್ಪೆನ್‌ಗೆ ನಾಚಿಕೆಯಿಂದ ಕಿವಿಯವರೆಗೂ ಬಿಸಿಯೇರಿತು. ಫೋನ್ ಎತ್ತಿ, ನಾನು ಟಪ್ಪೆನ್ ಎಂದ. ಇವತ್ತಿನದನ್ನೂ ಪಟ್ಟಿಯದನ್ನೂ ಎರಡೂ ಹೇಳಿಬಿಡುವುದೆಂದು ನಿಶ್ಚಯಿಸಿದ್ದ. ಎಲ್ಲ ಬರೆದಾಯಿತು, ಹಿಂದೆ ನಾಲ್ಕು ಗಾಡಿ ನಿಂತಿವೆ, ಮತ್ತೇನಾದರೂ ಹೇಳುವುದಿದೆಯೇ ಎಂದು ಕ್ಯಾಬಿನ್ನಿನವನು ಅವಸರಪಡಿಸಿದ.

"ಇಲ್ಲ," ಎಂದ ಟಪ್ಪೆನ್. "ಏನಿಲ್ಲ."

ಪೆಲ್ಲಿಂಗ್ ಇನ್ನೂ ಕೇಳಿಸುವಷ್ಟು ಹತ್ತಿರದಲ್ಲೇ ಇದ್ದ.