ಒಂದೇ ಒಂದು ವೀಕ್ಷಣೆ

ಶ್ಯಾಮಲಮ್ಮನಿಗೆ ವಿಷಯ ಗೊತ್ತಾಗಿಬಿಟ್ಟಿದೆ. ಫೋನಿನ ಪರದೆಯ ಮೇಲೆ ವೀಕ್ಷಣೆ ತೋರಿಸುವ ಗ್ರಾಫಿನ ಗೆರೆ ನೋಡುತ್ತಿದ್ದಂತೆ ಶ್ರೀನಿಧಿಗೆ ಅದು ಖಚಿತವಾಯಿತು. ಕಾಶಿಯ ಅಸ್ಸಿ ಘಾಟಿನ ಚಹಾದಂಗಡಿಯ ಕಟ್ಟೆಯ ಮೇಲೆ ಅವನ ಚಹಾ ಆರಿ ಕೆನೆಗಟ್ಟಿತ್ತು.

ಯಾವ ವಿಡಿಯೋ ಎಷ್ಟು ಕಾಲ ಬದುಕುತ್ತದೆ, ಜನ ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಮತ್ತೆ ಹಿಂದಕ್ಕೆ ಹೋಗಿ ನೋಡುತ್ತಾರೆ ಎಂಬುದೇ ವಿಶ್ವವಿದ್ಯಾಲಯದಲ್ಲಿ ಅವನ ಸಂಶೋಧನೆ. ಆದರೆ ಈ ಗೆರೆ ಸಂಶೋಧನೆಯದಲ್ಲ. ಈ ವಿಡಿಯೋಗಳಿಗೆ ಇಡೀ ಜಗತ್ತಿನಲ್ಲಿ ಇದ್ದದ್ದು ಒಬ್ಬರೇ ವೀಕ್ಷಕರು. ಹಾವೇರಿಯ ಶ್ಯಾಮಲಮ್ಮ.

ಅವರ ಅಕ್ಕ ವೆಂಕಮ್ಮ ಗಂಡ ಹೋದ ಮೇಲೆ ಕಾಶಿಗೆ ಬಂದು, ಶ್ರೀನಿಧಿ ಬಾಡಿಗೆಗಿದ್ದ ಮನೆಯ ಕೆಳಗಿನ ಕೋಣೆಯಲ್ಲಿ ನೆಲೆಸಿದ್ದರು. ತಂಗಿಗೆ ಕಿವಿ ಪೂರ್ತಿ ಹೋಗಿತ್ತು. ಫೋನಿನಲ್ಲಿ ಮಾತಾಡುವಂತಿರಲಿಲ್ಲ. ಅದಕ್ಕೆಂದೇ ಶ್ರೀನಿಧಿ ವೆಂಕಮ್ಮನ ಪುಟ್ಟ ಪುಟ್ಟ ವಿಡಿಯೋ ತೆಗೆದು, ಬೇರೆ ಯಾರಿಗೂ ಕಾಣದಂತೆ ಹಾಕಿ, ಲಿಂಕನ್ನು ಹಾವೇರಿಗೆ ಕಳಿಸುತ್ತಿದ್ದ. ಶ್ಯಾಮಲಮ್ಮ ಅದನ್ನು ಟಿವಿಯಲ್ಲಿ ದೊಡ್ಡದಾಗಿ ಹಾಕಿಕೊಂಡು ಅಕ್ಕನ ತುಟಿ ಓದುತ್ತಿದ್ದರು.

"ಇವತ್ತು ಶ್ಯಾಮಿ ಎಷ್ಟು ಸಲ ನೋಡಿದ್ಲಪ್ಪಾ?" ಬೆಳಿಗ್ಗೆ ಎದ್ದರೆ ವೆಂಕಮ್ಮನ ಮೊದಲ ಪ್ರಶ್ನೆ ಅದೇ. ಬಹಳ ಸಲ ಎಂದರೆ ಅಂದು ಮುಖವೆಲ್ಲ ಹಬ್ಬ.

ಕಾರ್ತಿಕದಲ್ಲಿ ವೆಂಕಮ್ಮ ತೀರಿಕೊಂಡರು. ಹೋಗುವ ಮುನ್ನ ಶ್ರೀನಿಧಿಯ ಕೈ ಹಿಡಿದು ಒಂದು ಮಾತು ತೆಗೆದುಕೊಂಡಿದ್ದರು. "ಶ್ಯಾಮಿಗೆ ತಿಳಿಸಬ್ಯಾಡ. ಆಕಿ ಇರೋತನಕ ನಾನೂ ಇರಬೇಕು. ಆಕಿ ಮಗ ಬದರಿಗೂ ಹೇಳಬ್ಯಾಡ. ಕಿವಿ ಇಲ್ಲದಾಕಿ, ಮಗನ ಮಾರಿ ನೋಡಿದ್ರ ಎಲ್ಲಾ ತಿಳಕೊಂಡುಬಿಡ್ತಾಳ."

ಕಳಿಸದೆ ಉಳಿದ ವಿಡಿಯೋಗಳು ಅವನ ಬಳಿ ಬೇಕಾದಷ್ಟಿದ್ದವು. ತುಳಸಿಗೆ ನೀರೆರೆಯುವ ವೆಂಕಮ್ಮ, ಕೋತಿಗೆ ಬೈಯುವ ವೆಂಕಮ್ಮ, ದೋಣಿಯಲ್ಲಿ ಕೂತು ಹೆದರಿ ನಗುವ ವೆಂಕಮ್ಮ. ಒಂದೊಂದಾಗಿ ಕಳಿಸುತ್ತ ಹೋದ.

ಸಂಕ್ರಾಂತಿಯವರೆಗೆ ಎಲ್ಲ ಸುಸೂತ್ರ. ಪ್ರತಿ ವಿಡಿಯೋವನ್ನೂ ಶ್ಯಾಮಲಮ್ಮ ವಾರಗಟ್ಟಲೆ ನೋಡುತ್ತಿದ್ದರು. ಕೊನೆಯಲ್ಲಿ ವೆಂಕಮ್ಮ ಲಟಿಕೆ ಮುರಿದು ತಂಗಿಯ ದೃಷ್ಟಿ ತೆಗೆಯುವ ಜಾಗಕ್ಕೆ ಬಂದಾಗ ಗೆರೆ ಗುಡ್ಡದಂತೆ ಏಳುತ್ತಿತ್ತು. ಅಷ್ಟನ್ನೇ ಮತ್ತೆ, ಮತ್ತೆ.

ಈಗ ಗುಡ್ಡವಿಲ್ಲ. ಲಿಂಕ್ ಹೋದ ಕೂಡಲೇ ಒಂದು ಸಲ, ಮೊದಲಿಂದ ಕೊನೆಯವರೆಗೆ. ಒಂದು ಲೈಕ್. ಆಮೇಲೆ ಆ ಕಡೆ ಯಾರೂ ಸುಳಿಯುವುದಿಲ್ಲ. ಹಾಜರಿ ಹಾಕಿ ಎದ್ದುಹೋದ ಹಾಗೆ.

ಎಲ್ಲಿ ತಪ್ಪಿದೆ? ಹುಡುಕುತ್ತ ಹೋದವನಿಗೆ ಸಂಕ್ರಾಂತಿಯ ಸುಮಾರಿಗೆ ಕಳಿಸಿದ ವಿಡಿಯೋ ಕಣ್ಣಿಗೆ ಬಿತ್ತು. ಕಾಶಿಯೆಲ್ಲ ಕಂಬಳಿ ಹೊದ್ದು ನಡುಗುವ ದಿನಗಳು. ಬೇಸಿಗೆಯಲ್ಲಿ ತೆಗೆದ ಆ ವಿಡಿಯೋದಲ್ಲಿ ವೆಂಕಮ್ಮನ ಹಿಂದೆ ಮಾತ್ರ ಫ್ಯಾನು ಗಿರಗಿರನೆ ತಿರುಗುತ್ತಿತ್ತು.

ಮರುದಿನ ಬದರಿಯ ಫೋನು ಬಂತು. "ಕಾಶಿಗೆ ಬರ್ಲಿಕ್ಕತ್ತೀನ್ರಿ ಸರ್ರ. ದೊಡ್ಡವ್ವಗ ಮೊದಲ ಹೇಳಬ್ಯಾಡ್ರಿ."

ಹೇಳದೆ ಬಂದು ಹಿಡಿಯುವ ಲೆಕ್ಕಾಚಾರ. ಶ್ರೀನಿಧಿಗೆ ಅನುಮಾನವೇ ಉಳಿಯಲಿಲ್ಲ.

ಕಾಶಿಯ ಕಂಟೋನ್ಮೆಂಟ್ ರೈಲು ನಿಲ್ದಾಣದಲ್ಲಿ ಇಳಿದ ಬದರಿ ನಗಲಿಲ್ಲ. ಬಿಸಿಲೇರಿದ್ದರೂ ಉಣ್ಣೆಯ ಟೊಪ್ಪಿ ಕಿವಿಯವರೆಗೆ ಎಳೆದುಕೊಂಡಿದ್ದ. ಎದೆಗವಚಿಕೊಂಡಿದ್ದ ಕೈಚೀಲವನ್ನು ಕೂಲಿಗೂ ಕೊಡಲಿಲ್ಲ, ನೆಲಕ್ಕೂ ಇಡಲಿಲ್ಲ.

"ಭೈಯಾ, ಝೋಲಾ ಪೀಛೇ ರಖ್ ದೀಜಿಯೇ," ಎಂದ ಆಟೋದವನು, ಹಿಂದಿನ ಜಾಗ ತೋರಿಸುತ್ತ. ಬದರಿ ತಲೆಯಾಡಿಸಿ ಚೀಲವನ್ನು ತೊಡೆಯ ಮೇಲೇ ಇಟ್ಟುಕೊಂಡ. ಅದರಲ್ಲೇನಿದೆ? ಪೊಲೀಸರಿಗೆ ತೋರಿಸುವ ಪುರಾವೆಯೇ?

"ಅಮ್ಮ ಹೇಗಿದ್ದಾರೆ?" ಶ್ರೀನಿಧಿ ಕೇಳಿದ.

"ಆರಾಮ ಅದಾಳ್ರಿ. ಈಗ ಯಾವ ತ್ರಾಸೂ ಇಲ್ಲ." ಬದರಿ ರಸ್ತೆಯನ್ನೇ ನೋಡುತ್ತಿದ್ದ. ಆಮೇಲೆ ಕೇಳಿದ, "ತಂಗಿ ವಿಡಿಯೋ ನೋಡಿದ್ಲೋ ಇಲ್ಲೋ ಅಂತ ದೊಡ್ಡವ್ವ ದಿನಾ ಕೇಳ್ತಾಳೇನ್ರಿ?"

"ಕೇಳ್ತಿದ್ದರು... ಕೇಳ್ತಾರೆ."

ಬದರಿ ತಿರುಗಿ ಅವನ ಮುಖವನ್ನು ದಿಟ್ಟಿಸಿದ. "ಮತ್ತ ನೀವು ಏನು ಹೇಳ್ತೀರಿ?"

"ನೋಡಿದ್ದಾರೆ ಅಂತ."

"ಛಲೋ ಆತು," ಎಂದ ಬದರಿ. ಆ ಮಾತಿನ ಹಿಂದೆ ಏನಿದೆಯೋ ಶ್ರೀನಿಧಿಗೆ ತಿಳಿಯಲಿಲ್ಲ. ಗೋದೌಲಿಯಾದ ಜಂಗುಳಿಯಲ್ಲಿ ಆಟೋ ಸಿಕ್ಕಿಕೊಂಡಾಗ ಇಳಿದು ಓಡಿಬಿಡಬೇಕು ಎನ್ನಿಸಿತು. ಸಾಯುವವರ ಮಾತು ನಡೆಸಿದೆ, ಅಷ್ಟೇ ಎಂದು ಹೇಳಿದರೆ ಇವನು ನಂಬಿಯಾನೇ? ತಿಂಗಳುಗಟ್ಟಲೆ ಒಂದು ಸಾವನ್ನು ಬಚ್ಚಿಟ್ಟವನನ್ನು ಯಾರು ನಂಬುತ್ತಾರೆ?

ಅಸ್ಸಿಯ ಗಲ್ಲಿಗೆ ಬಂದರು. ವೆಂಕಮ್ಮನ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗೆ ಮನೆಯೊಡತಿ ಹಳೆಯ ಹಾಸಿಗೆಗಳನ್ನು ಒಟ್ಟಿದ್ದಳು. ಇನ್ನು ಬಚ್ಚಿಟ್ಟು ಫಲವಿಲ್ಲ. ಇಲ್ಲೇ, ಈ ಹೊಸ್ತಿಲಲ್ಲೇ ಹೇಳಿಬಿಡಬೇಕು. ಶ್ರೀನಿಧಿ ಗಂಟಲು ಸರಿಮಾಡಿಕೊಂಡ.

"ಬದರಿಯವರೇ, ನಿಮಗೆ ಒಂದು ವಿಷಯ..."

ಬದರಿ ಗಾಬರಿಯಿಂದ ಅವನ ತೋಳು ಹಿಡಿದು, ಬಾಗಿಲಿನಿಂದ ದೂರ ಗೋಡೆಯ ಬದಿಗೆ ಎಳೆದ. ಕಣ್ಣು ತುಂಬಿಕೊಂಡಿತ್ತು.

"ಸಾವಕಾಶ ಮಾತಾಡ್ರಿ ಸರ್ರ, ಒಳಗ ಕೇಳಿಸೀತು," ಎಂದು ಪಿಸುಗುಟ್ಟಿದ. "ಅವ್ವ ಸಂಕ್ರಾಂತಿ ಹೊತ್ತಿಗೇ ಹೋಗಿಬಿಟ್ಲು. ಆಕಿ ಅಸ್ಥಿ ಗಂಗಿಗೆ ಬಿಡ್ಲಿಕ್ಕೆ ಬಂದೀನ್ರಿ. ಆಮ್ಯಾಲಿನ ವಿಡಿಯೋ ಎಲ್ಲಾ ನಾನ ನೋಡೀನಿ. ದೊಡ್ಡವ್ವಗ ಮಾತ್ರ ಗೊತ್ತಾಗಬಾರದ್ರಿ."